ಮುತ್ತತ್ತಿಯ ಬಿಳಿಮೀನು: ಹೆಸರು ಮತ್ತು ಹಿಂಸೆ

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಕಾವೇರಿಯ ಬಿಳಿಮೀನು, ಅಂದರೆ ಗೂನುಬೆನ್ನಿನ ಮಹಶೀರ್, ಬಹುಕಾಲ ಗಾಳದ ವಿನೋದಕ್ಕೆ ವಸ್ತುವಾಗಿತ್ತು. ಉಪನದಿ ಕಬಿನಿಯಲ್ಲಿ 1946ರಲ್ಲಿ ಹಿಡಿದ ಮೀನಿನ 120 ಪೌಂಡು ತೂಕ ದಾಖಲೆಯಾಯಿತು. ಅದರ ಪ್ರಭೇದ ಯಾವುದೆಂಬುದು ಮಾತ್ರ ನಿರ್ಣಯವಾಗಲಿಲ್ಲ. 2018ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯ ಪ್ರಬಂಧವು ಅದನ್ನು ಕೇರಳದ ಪಾಂಬಾರ್ ನದಿಯಿಂದ ಮೊದಲೇ ವರ್ಣಿತವಾಗಿದ್ದ ‘ಟಾರ್ ರೆಮಾದೇವಿ’ ಎಂದು ಗುರುತಿಸಿತು. ಹೆಸರು ದೊರೆತ ವರ್ಷವೇ ಅದು ವಿನಾಶದ ಅಂಚಿನ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು.

ಪ್ರಬಂಧದ ಉಪಕಾರ ದೊಡ್ಡದು. ಹೆಸರಿಲ್ಲದ ಜೀವಿಗೆ ರಕ್ಷಣೆ ಕೋರುವುದು ಕಷ್ಟ. ಆದರೂ ಶ್ರಾವಕನು ಒಂದು ಪ್ರಶ್ನೆ ಕೇಳಲೇಬೇಕು. ಮೋಜಿಗಾಗಿ ಕೊಂದುದು ಸಂಕಲ್ಪೀ ಹಿಂಸೆಯೆಂಬುದರಲ್ಲಿ ಸಂದೇಹವಿಲ್ಲ; ಜ್ಞಾನಕ್ಕಾಗಿ ಸೀಸೆಗೆ ಸೇರಿಸಿದ ಮೀನು? ವಂಶವಾಹಿ ಪರೀಕ್ಷೆಗೆ ಈಜುರೆಕ್ಕೆಯ ಚೂರು ಸಾಕು. ಹುರುಪೆ, ಮುಳ್ಳುಗಳ ಎಣಿಕೆಗೆ ದೇಹವೇ ಬೇಕೆಂಬ ವಾದವು ಮೊದಲ ಮಾದರಿಗೆ ಒಪ್ಪೀತು, ಹತ್ತನೆಯದಕ್ಕೆ ಒಪ್ಪದು.