ಕಾಲು ಮಿಲಿಮೀಟರಿನ ಸೊಗಸು

ಹಲ್ಲು ದವಡೆಯ ಮೂಳೆಗೆ ಅಂಟಿಕೊಂಡಿರುವುದಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪೊರೆಯೊಂದಿದೆ. ಅದರ ಎಳೆಗಳಲ್ಲಿ ಹಲ್ಲು ತೂಗಿಕೊಂಡಿರುತ್ತದೆ. ಕಬ್ಬು ಸಿಗಿಯುವಾಗ, ಕೋಡುಬಳೆ ಕಡಿಯುವಾಗ ಬೀಳುವ ಭಾರವನ್ನು ಮೊದಲು ತಾಳಿಕೊಳ್ಳುವುದು ಈ ಪೊರೆ. ನಡುವಯಸ್ಸಿನಲ್ಲೂ ಹಲ್ಲನ್ನು ಇದ್ದಲ್ಲಿಂದ ಸರಿಸಲು ಸಾಧ್ಯವಾಗುವುದು ಇದರ ದೆಸೆಯಿಂದಲೇ. ಪಾರದರ್ಶಕ ಅಲೈನರ್ ಹಾಕಿಕೊಂಡಿದ್ದ ಕಾಲದಲ್ಲಿ ಕನ್ನಡಿಯಲ್ಲಿ ನೇರವಾಗುತ್ತಿದ್ದ ಸಾಲಿಗಿಂತ ಹೆಚ್ಚಾಗಿ ಈ ಕಾಣದ ಪೊರೆಯ ಕೆಲಸವೇ ನನ್ನ ಮನಸ್ಸನ್ನು ಹಿಡಿದಿತ್ತು.

ಅಲೈನರಿನ ಟ್ರೇಯೊಂದನ್ನು ಕೈಯಲ್ಲಿ ಹಿಡಿದು ನೋಡಬೇಕು. ಮುಕ್ಕಾಲು ಮಿಲಿಮೀಟರಿನಷ್ಟು ದಪ್ಪದ ಪ್ಲಾಸ್ಟಿಕ್. ಬೆಳಕಿಗೆ ಹಿಡಿದರೆ ಒಂದೊಂದು ಹಲ್ಲಿನ ಉಬ್ಬು, ತಗ್ಗು, ಅಂಚು ಎಲ್ಲವೂ ಅಚ್ಚೊತ್ತಿದಂತೆ ಕಾಣುತ್ತದೆ. ಸ್ವಾರಸ್ಯವೇನೆಂದರೆ ಆ ಅಚ್ಚು ಇವತ್ತಿನ ಬಾಯಿಯದಲ್ಲ. ಇನ್ನು ವಾರ ಹತ್ತು ದಿನಕ್ಕೆ ಬಾಯಿ ಹೇಗಿರಬೇಕೋ ಹಾಗಿರುತ್ತದೆ. ಎರಡರ ನಡುವಿನ ಅಂತರ ಒಂದು ಹಲ್ಲಿಗೆ ಹೆಚ್ಚುಕಡಿಮೆ ಕಾಲು ಮಿಲಿಮೀಟರ್, ಪುಸ್ತಕದ ಎರಡು ಮೂರು ಹಾಳೆ ಸೇರಿದಷ್ಟು. ಮೆತ್ತನೆಯ ಸುರುಳಿಯೊಂದನ್ನು ಕಚ್ಚಿ ಒತ್ತಿದರೆ ಟ್ರೇ ಟಕ್ಕೆಂದು ಕೂರುತ್ತದೆ. ಮೊದಲ ದಿನ ಬಿಗಿ, ಒಂದಿಷ್ಟು ನೋವು. ದಿನ ಕಳೆದಂತೆ ಆ ಬಿಗಿ ಇಳಿಯುತ್ತದೆ. ಪ್ಲಾಸ್ಟಿಕ್ಕೂ ಸ್ವಲ್ಪ ಸಡಿಲಗೊಳ್ಳುವುದುಂಟು, ಆದರೆ ಹಲ್ಲು ನಿಜವಾಗಿಯೂ ಅಷ್ಟು ದೂರ ನಡೆದು ಬಂದಿರುತ್ತದೆ.

ಆ ನಡಿಗೆಯ ರೀತಿಯೇ ಈ ವಿದ್ಯೆಯಲ್ಲಿ ನನಗೆ ಎಲ್ಲಕ್ಕಿಂತ ಚೆಲುವಾಗಿ ಕಂಡದ್ದು. ಟ್ರೇ ಹಲ್ಲನ್ನು ಒಂದು ಬದಿಗೆ ಒತ್ತಿದಾಗ ಆ ಬದಿಯ ಪೊರೆ ಅದುಮಿಕೊಳ್ಳುತ್ತದೆ, ಎದುರು ಬದಿಯದು ಜಗ್ಗುತ್ತದೆ. ಅದುಮಿದ ಕಡೆ ಮೂಳೆಯನ್ನು ಕರಗಿಸುವ ಜೀವಕೋಶಗಳು ಬಂದು ಸೇರುತ್ತವೆ. ಜಗ್ಗಿದ ಕಡೆ ಮೂಳೆ ಕಟ್ಟುವ ಕೋಶಗಳು ಕೆಲಸಕ್ಕೆ ಇಳಿಯುತ್ತವೆ. ಮುಂದೆ ದಾರಿ ತೆರೆಯುತ್ತಾ ಹಿಂದೆ ತೆರಪು ತುಂಬುತ್ತಾ, ದವಡೆಯೇ ಹಲ್ಲನ್ನು ಕರೆದೊಯ್ಯುತ್ತದೆ. ಎಷ್ಟು ಒತ್ತಬೇಕು ಎಂಬ ಪ್ರಶ್ನೆಗೆ 1932ರಲ್ಲಿ ಶ್ವಾರ್ಟ್ಸ್ ಎಂಬ ದಂತತಜ್ಞರು ಕೊಟ್ಟ ಉತ್ತರವನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ: ಕೂದಲಿಗಿಂತ ಸಣ್ಣ ರಕ್ತನಾಳಗಳೊಳಗಿನ ಒತ್ತಡವನ್ನು ಮೀರದಷ್ಟು, ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಂ. ಬಲ ಹೆಚ್ಚಾದರೆ ಆ ನಾಳಗಳು ಮುಚ್ಚಿಕೊಂಡು, ಅಲ್ಲಿನ ಕೋಶಗಳು ಸತ್ತು, ಹಲ್ಲು ನಿಂತಲ್ಲೇ ನಿಲ್ಲುತ್ತದೆ. ಸತ್ತ ಭಾಗವನ್ನು ದೇಹ ಹಿಂದುಗಡೆಯಿಂದ ತೆರವು ಮಾಡುವವರೆಗೂ ಅದು ಕದಲದು. ಇಷ್ಟು ಗಟ್ಟಿಯಾದ ವಸ್ತುವನ್ನು ಸರಿಸಲು ಇಷ್ಟು ಮೆಲ್ಲನೆಯ ಕೈ ಬೇಕು!

ಹಲ್ಲು ಮುಂದೆ ಇರಬೇಕಾದಂತೆ ಅಚ್ಚು ಮಾಡಿ ಅದರಿಂದಲೇ ಹಲ್ಲನ್ನು ಸರಿಸುವ ಯೋಚನೆ ಹಳೆಯದು. 1945ರಲ್ಲಿ ಅಮೆರಿಕದ ಹೆರಾಲ್ಡ್ ಕೆಸ್ಲಿಂಗ್ ರೋಗಿಯ ಬಾಯಿಯ ಅಚ್ಚಿನಿಂದ ಒಂದೊಂದೇ ಹಲ್ಲನ್ನು ಗರಗಸದಲ್ಲಿ ಬಿಡಿಸಿ, ಮೇಣದಲ್ಲಿ ನೇರವಾಗಿ ಜೋಡಿಸಿ, ಅದರ ಮೇಲೆ ರಬ್ಬರಿನ ಸಾಧನ ತಯಾರಿಸಿದರು. ತಂತಿ ತೆಗೆದ ಮೇಲೆ ಉಳಿಯುವ ಸಣ್ಣಪುಟ್ಟ ಕೊರೆಗಳನ್ನು ತಿದ್ದುವುದಕ್ಕೆ ಅದು. ಹೀಗೇ ಹಂತಹಂತವಾಗಿ ಹಲವು ಮಾಡುತ್ತ ಹೋದರೆ ದೊಡ್ಡ ಚಲನೆಯೂ ಸಾಧ್ಯ ಎಂದು ಅವರಿಗೆ ಆಗಲೇ ಹೊಳೆದಿತ್ತು. ಪ್ರತಿ ಹಂತಕ್ಕೂ ಕೈಯಲ್ಲಿ ಹಲ್ಲು ಕೊಯ್ದು ಜೋಡಿಸುವುದು ಆಗುವ ಮಾತಾಗಿರಲಿಲ್ಲ. 1997ರಲ್ಲಿ ಜಿಯಾ ಚಿಸ್ತಿ ಮತ್ತು ಕೆಲ್ಸಿ ವಿರ್ತ್ ಎಂಬಿಬ್ಬರು ಆ ಜೋಡಣೆಯನ್ನು ಕಂಪ್ಯೂಟರಿಗೆ ಒಪ್ಪಿಸುವ ಕಂಪನಿ ಕಟ್ಟಿದರು. ಇಬ್ಬರೂ ದಂತವೈದ್ಯರಲ್ಲ. ಚಿಸ್ತಿ ದೊಡ್ಡವರಾದ ಮೇಲೆ ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದವರು. ನೇರವಾದ ಹಲ್ಲನ್ನು ಹಿಡಿದಿಡುವ ರಿಟೈನರನ್ನು ಕೆಲವು ದಿನ ಬಿಟ್ಟು ಮತ್ತೆ ಹಾಕಿಕೊಂಡಾಗ ಹಲ್ಲು ಮರಳಿ ಸ್ಥಳಕ್ಕೆ ಬಂದದ್ದು ಅವರ ಗಮನಕ್ಕೆ ಬಿದ್ದಿತ್ತು.

ಹರೆಯದಲ್ಲಿ ನೆಟ್ಟಗಿದ್ದ ಕೆಳಸಾಲು ನಡುವಯಸ್ಸಿಗೆ ಇಕ್ಕಟ್ಟಾಗುವುದು ಬಹಳ ಸಾಮಾನ್ಯ. ಜನ ಬುದ್ಧಿಹಲ್ಲನ್ನು ದೂರುತ್ತಾರೆ. ಬುದ್ಧಿಹಲ್ಲೇ ಇಲ್ಲದವರಲ್ಲೂ ಹೀಗಾಗುತ್ತದೆ. ಇಕ್ಕಟ್ಟು ಬಿಡಿಸಲು ವೈದ್ಯರು ಕೆಲವೊಮ್ಮೆ ವಜ್ರದ ಪುಡಿ ಲೇಪಿಸಿದ ತೆಳು ಪಟ್ಟಿಯನ್ನು ಎರಡು ಹಲ್ಲುಗಳ ನಡುವೆ ಆಡಿಸಿ, ಎನಾಮಲ್ಲನ್ನು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ಸವೆಸುತ್ತಾರೆ. ಕೇಳಲು ಭಯ, ಅನುಭವಕ್ಕೆ ಬರೀ ಸದ್ದು. ದೊಡ್ಡವರ ಬಾಯಲ್ಲಿ ಇದಕ್ಕೆ ಇನ್ನೊಂದು ಪ್ರಯೋಜನವೂ ಇದೆ. ಒಂದರ ಮೇಲೊಂದು ಏರಿದ್ದ ಹಲ್ಲುಗಳು ಬಿಡಿಸಿಕೊಂಡಾಗ ಒಸಡಿನ ಬಳಿ ಕಪ್ಪು ತ್ರಿಕೋನದಂಥ ಸಂದು ಕಾಣಿಸಿಕೊಳ್ಳಬಹುದು. ಬದಿಗಳನ್ನು ತುಸು ಚಪ್ಪಟೆ ಮಾಡಿ ಹತ್ತಿರ ತಂದರೆ ಅದು ಕಿರಿದಾಗುತ್ತದೆ. ಇಂಥಲ್ಲಿ ವೈದ್ಯರ ಅಭಿರುಚಿ ಕಾಣುತ್ತದೆ. ಎಲ್ಲಿ ಸವೆಸಬೇಕು, ಎಲ್ಲಿ ಬಿಡಬೇಕು, ಮೇಲಿನ ಹಲ್ಲುಗಳ ಅಂಚು ನಕ್ಕಾಗ ಕೆಳತುಟಿಯ ಬಾಗನ್ನು ಎಷ್ಟು ಅನುಸರಿಸಬೇಕು ಎಂಬುದನ್ನು ಸಾಫ್ಟ್‌ವೇರ್ ಸೂಚಿಸಬಹುದೇ ಹೊರತು ತೀರ್ಮಾನಿಸಲಾರದು. ತಜ್ಞರ ಕಣ್ಣು ಬೀಳದೆ ಬರೀ ಅಂಚೆಯಲ್ಲಿ ತರಿಸಿಕೊಳ್ಳುವ ಟ್ರೇಗಳನ್ನು ನಾನು ಯಾರಿಗೂ ಹೇಳುವುದಿಲ್ಲ.

ಟ್ರೇ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ಬಿಸಿ ಕಾಫಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಅರಿಶಿನಕ್ಕೆ ಹಳದಿ ಹಿಡಿಯುತ್ತದೆ, ಹಾಗಾಗಿ ತೆಗೆದಿಟ್ಟೇ ಕುಡಿಯಬೇಕು, ಉಣ್ಣಬೇಕು. ಇದರಿಂದ ಕಾಫಿಗೆ ಒಂದು ಘನತೆ ಬಂತು. ಕೆಲಸದ ನಡುವೆ ಗುಟುಕರಿಸುವುದು ನಿಂತು, ಕೂತು, ಲೋಟ ಹಿಡಿದು, ಪೂರ್ತಿ ಕುಡಿದು ಏಳುವ ಅಭ್ಯಾಸವಾಯಿತು. ಶ, ಷ, ಸ ಮೂರೂ ಮೊದಮೊದಲು ಒಂದೇ ಆಗಿ ಕೇಳುತ್ತಿದ್ದವು. ಗಟ್ಟಿಯಾಗಿ ಓದಿಕೊಂಡಷ್ಟೂ ನಾಲಿಗೆ ದಾರಿ ಕಂಡುಕೊಂಡಿತು. ಆಮೇಲೆ ನಾಲಿಗೆಗೇ ಹೆಚ್ಚು ಸಂಭ್ರಮ. ಹಿಂದೆ ಅಡ್ಡ ಸಿಗುತ್ತಿದ್ದ ಚೂಪು ಮೂಲೆಯ ಜಾಗದಲ್ಲಿ ನಯವಾದ ಬಾಗೊಂದನ್ನು ಅದು ಎಷ್ಟು ಸಲ ಸವರಿ ನೋಡಿತೋ.

ಅಲೈನರಿಗೆ ಸುಲಭವಾಗಿ ಬಗ್ಗದ ಹಲ್ಲುಗಳೂ ಇವೆ. ದುಂಡನೆಯ ಕೋರೆಹಲ್ಲನ್ನು ತಿರುಗಿಸಲು ಪ್ಲಾಸ್ಟಿಕ್ಕಿಗೆ ಹಿಡಿತ ಸಿಗದು. ಅದಕ್ಕೆಂದೇ ಹಲ್ಲಿನ ಬಣ್ಣದ ಪುಟ್ಟ ಗುಬ್ಬಿಯೊಂದನ್ನು ಅಂಟಿಸುತ್ತಾರೆ. ಹಾಗಿದ್ದೂ ನನ್ನ ಒಂದು ಕೋರೆಹಲ್ಲು ಕೊಂಚ ತಿರುಗಿದಂತೆಯೇ ಉಳಿದಿದೆ. ಇನ್ನಷ್ಟು ಟ್ರೇ ಹಾಕಿ ತಿದ್ದಬಹುದೆಂದು ವೈದ್ಯರು ಹೇಳಿದರು, ಬೇಡವೆಂದೆ. ಜಪಾನಿನಲ್ಲಿ ಮುಂದೆ ಚಾಚಿದ ಕೋರೆಹಲ್ಲನ್ನು ಯಾಎಬಾ ಎಂದು ಕರೆದು ಮುದ್ದಾಗಿ ಕಾಣುವವರಿದ್ದಾರೆ. ನಮ್ಮಲ್ಲೂ ಹಲ್ಲಿನ ಮೇಲೆ ಹಲ್ಲು ಬಂದವರ ನಗುವಿಗೆ ಅದರದೇ ಬೆಡಗಿದೆ.

ಈಗ ರಾತ್ರಿ ಮಾತ್ರ ರಿಟೈನರ್. ಹಲ್ಲು ಸರಿದರೂ ಒಸಡಿನ ಎಲಾಸ್ಟಿಕ್ ನಾರುಗಳು ಹೊಸ ಜಾಗಕ್ಕೆ ಒಗ್ಗಿಕೊಳ್ಳಲು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಅದರ ಮೇಲೆ ದವಡೆಯೂ ವಯಸ್ಸಿನೊಂದಿಗೆ ಬದಲಾಗುತ್ತಲೇ ಇರುತ್ತದೆ. ಕೆಲವು ರಾತ್ರಿ ಬಿಟ್ಟು ಹಾಕಿಕೊಂಡರೆ ಅದು ಬಿಗಿಯಾಗಿ ಕೂರುತ್ತದೆ. ಯಾವ ಹಲ್ಲು ಹಳೆಯ ಕಡೆಗೆ ಹೊರಟಿತ್ತೆಂದು ಆ ಬಿಗಿಯಿಂದಲೇ ಗುರುತು ಹಿಡಿಯಬಹುದು.