ಧರೆ ಒಸರುವಾಗ ಅಂಗಳಕ್ಕೆ ಸೀಲರ್ ಏಕೆ?

ದೀಪಾವಳಿ ಹತ್ತಿರ ಬಂತು, ಪುತ್ತೂರು, ಸುಳ್ಯದ ಕಡೆ ಅಡಿಕೆ ಅಂಗಳಕ್ಕೆ ಸೀಲರ್ ಬಳಿಯುವ ಅವಸರ ಶುರುವಾಗಿದೆ. ಹೊಳಪಿನ ಸೀಲರಿನವರೊಡನೆ ನನ್ನ ಜಗಳ ಹಳೆಯದು. ಈಗ ಸುಮ್ಮನಿದ್ದರೆ ಇನ್ನಷ್ಟು ಅಂಗಳಗಳು ಕೆಡುತ್ತವೆ.

ಮಳೆ ನಿಂತು ನಾಲ್ಕು ಬಿಸಿಲು ಬಿದ್ದರೆ ಅಂಗಳದ ಮೈ ಒಣಗಿದಂತೆ ಕಾಣುತ್ತದೆ. ಅಡಿಯ ಮಣ್ಣಿನಲ್ಲಿ ಮಳೆಗಾಲದ ನೀರು ಹಾಗೇ ಇರುತ್ತದೆ. ಗುಡ್ಡ ಕಡಿದು ಕಟ್ಟಿದ ಮನೆಯಾದರೆ ಹಿಂದಿನ ಧರೆಯ ಒರತೆ ಮಳೆ ಹೋದ ಮೇಲೂ ಜಿನುಗುತ್ತಿರುತ್ತದೆ. ಈ ನೀರು ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ಮೇಲೇರಿ ಆವಿಯಾಗಿ ಹೋಗಬೇಕು. ಅಕ್ರಿಲಿಕ್ ಸೀಲರ್ ಪೊರೆ ಕಟ್ಟಿ ಆ ದಾರಿಗೆ ಅಡ್ಡ ನಿಲ್ಲುತ್ತದೆ. ತೇವ ಕೆಳಗೆ ಸಿಕ್ಕಿ ಪೊರೆ ಬಿಳಿಚುತ್ತದೆ, ಗುಳ್ಳೆ ಏಳುತ್ತದೆ, ಸಿಪ್ಪೆ ಬಿಡುತ್ತದೆ. ನೀರಿನೊಡನೆ ಬಂದ ಸುಣ್ಣದಂಶ ಬಿಳಿ ಉಪ್ಪಾಗಿ ಕೂರುತ್ತದೆ. ಆಗ ಅಂಗಡಿಯಲ್ಲಿ ಸಿಗುವ ಸಲಹೆ, ‘ಇನ್ನೊಂದು ಕೋಟು ಹೊಡೆಯಿರಿ’. ಪೊರೆ ದಪ್ಪವಾದಷ್ಟೂ ಆವಿಗೆ ದಾರಿ ಕಡಿಮೆ. ಇದಕ್ಕಿಂತ ಕೆಟ್ಟ ಸಲಹೆಯನ್ನು ನಾನು ಕೇಳಿಲ್ಲ.

ಪೊರೆ ಕಟ್ಟದ ಸೀಲರುಗಳೂ ಇವೆ. ಸೈಲೇನ್, ಸಿಲೋಕ್ಸೇನ್ ಬಗೆಯವು ರಂಧ್ರದ ಒಳಮೈಗೆ ಹಿಡಿದುಕೊಂಡು ಮೇಲಿನ ನೀರನ್ನು ದೂರವಿಡುತ್ತವೆ, ಒಳಗಿನ ಆವಿಯನ್ನು ಬಿಟ್ಟುಕೊಡುತ್ತವೆ. ಹೊಳಪು ಬರುವುದಿಲ್ಲ. ಅಡಿಕೆ ಒಣಗಲು ಹೊಳಪೇನೂ ಬೇಡ. ಆದರೆ ಧರೆಯಿಂದ ಒತ್ತಿ ಬರುವ ನೀರನ್ನು ಇವೂ ತಡೆಯಲಾರವು. ಅದಕ್ಕೆ ಧರೆಯ ಬುಡದಲ್ಲಿ, ಅಂಗಳದ ತಳಕ್ಕಿಂತ ಆಳವಾದ ಚರಂಡಿಯೇ ಬೇಕು. ಹೊಸ ಅಂಗಳವಾದರೆ ಕಾಂಕ್ರೀಟಿನಡಿ ಜಲ್ಲಿಯ ಹಾಸು, ಅದರ ಮೇಲೆ ಪಾಲಿಥೀನ್ ಹಾಳೆ ಇರಲಿ.

ಸೀಲರಿನ ಡಬ್ಬವನ್ನು ದೂರುವ ಮುಂಚೆ ಮೇಸ್ತ್ರಿಯ ಕರಣೆಯನ್ನೂ ನೋಡಬೇಕು. ಕಾಂಕ್ರೀಟಿನ ಮೇಲೆ ನೀರು ಇನ್ನೂ ನಿಂತಿರುವಾಗಲೇ ಒಣ ಸಿಮೆಂಟ್ ಎರಚಿ ತಿಕ್ಕುವ ಚಾಳಿ ಊರೂರಲ್ಲಿದೆ. ನೋಡಲು ಕನ್ನಡಿಯಂಥ ಮೈ. ಆದರೆ ಆ ತೆಳು ಪದರಕ್ಕೆ ಕೆಳಗಿನ ಕಾಂಕ್ರೀಟಿನ ಹಿಡಿತವಿಲ್ಲ. ಸೀಲರ್ ಅದಕ್ಕೆ ಅಂಟುತ್ತದೆ, ಎರಡೂ ಒಟ್ಟಿಗೆ ಕಿತ್ತು ಬರುತ್ತವೆ. ಕ್ಯೂರಿಂಗ್ ಕದ್ದರೂ ಇದೇ ಗತಿ, ಮೈ ಪುಡಿಪುಡಿ. ಭಾರತೀಯ ಮಾನಕ 456 ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ 10 ದಿನ ನೀರುಣಿಸಲು ಹೇಳುತ್ತದೆ. ಮೂರು ದಿನಕ್ಕೆ ಪೈಪು ಸುತ್ತಿಡುವವರೇ ಹೆಚ್ಚು. 28 ದಿನ ತುಂಬದೆ ಸೀಲರ್ ಮುಟ್ಟಲೇಬಾರದು.

ಅಡಿಕೆಯವರ ನಿಜವಾದ ಕಷ್ಟ ಬೇರೆ. ನೆಲ ಚೆನ್ನಾಗಿ ಆರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಆಗ ಅಂಗಳದ ತುಂಬ ಒಣಗಲು ಹರವಿದ ಚಾಲಿ ಅಡಿಕೆ. ಹಾಗಾಗಿ ಅಡಿಕೆ ಎತ್ತಿದ ಮೇಲೆ, ಬೇಸಿಗೆಯ ಗುಡುಗುಮಳೆಗೆ ಮುಂಚೆ ಸಿಗುವ ಬಿಡುವನ್ನು ಹಿಡಿಯಿರಿ. ಮೊದಲು ತೇವ ನೋಡಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಗಳಕ್ಕೆ ಅಂಟಿಸಿ, ಸಂಜೆ 4ರಿಂದ ಮರುದಿನ ಬೆಳಿಗ್ಗೆ 8ರವರೆಗೆ ಬಿಡಿ. ಅಡಿಯಲ್ಲಿ ಹನಿ ಕಂಡರೆ, ಕಾಂಕ್ರೀಟ್ ಕಪ್ಪಾಗಿದ್ದರೆ ಆ ವರ್ಷ ಸೀಲರ್ ಬೇಡ. ಹಚ್ಚುವುದನ್ನು ನೆಲ ತಣಿಯುವ ಇಳಿಹೊತ್ತಿನಲ್ಲೇ ಮಾಡಿ. ಏರುಬಿಸಿಲಲ್ಲಿ ರಂಧ್ರದ ಗಾಳಿ ಹಿಗ್ಗಿ ಹಸಿ ಪೊರೆಯಲ್ಲಿ ಗುಳ್ಳೆ ಎಬ್ಬಿಸುತ್ತದೆ.

ಈಗಾಗಲೇ ಸಿಪ್ಪೆ ಎದ್ದಿರುವ ಅಂಗಳದವರು ಈ ಸಲ ಹೆರೆದು, ತೊಳೆದು, ಬರಿದಾಗಿಯೇ ಅಡಿಕೆ ಹರವಲಿ. ಸೀಲರಿಗೆ ಎತ್ತಿಟ್ಟ ಹಣ ಧರೆಯ ಚರಂಡಿಗೆ ಹೋಗಲಿ.