ಸೊಗಡಿಗೆ ಎಷ್ಟು ಮಸಾಲೆ?

ಹಳೇ ಮೈಸೂರು ಸೀಮೆಯ ಮನೆಯಡುಗೆಗಳಲ್ಲಿ ಹಿತಕಬೇಳೆ ಸಾರಿಗೆ ನಾನು ಮೊದಲ ಮಣೆ ಹಾಕುತ್ತೇನೆ. ಇಷ್ಟೊಂದು ಕೈಕೆಲಸ ಬೇಡುವ, ತಟ್ಟೆಗೆ ಬಂದ ಮೇಲೆ ಆ ಶ್ರಮವನ್ನೆಲ್ಲ ಇಷ್ಟು ಧಾರಾಳವಾಗಿ ತೀರಿಸುವ ಇನ್ನೊಂದು ಸಾರನ್ನು ನಾನು ಕಾಣೆ. ಆ ಅಭಿಮಾನದಿಂದಲೇ ಹೇಳಬೇಕು: ಈಚೆಗೆ ಬಹಳಷ್ಟು ಮನೆಗಳಲ್ಲಿ ಈ ಸಾರು ಹದಗೆಡುತ್ತಿದೆ, ಕೆಡಿಸುತ್ತಿರುವುದು ಮಸಾಲೆ.

ಹಿತಕಬೇಳೆಯೆಂದರೆ ಹಿತುಕಿ ಸಿಪ್ಪೆ ತೆಗೆದ ಅವರೆಕಾಳು, ಅವರೆಯ ಜೀವವೆಲ್ಲ ಸೊಗಡಿನಲ್ಲಿದೆ. ನಾಟಿ ಅವರೆ ಹಗಲು ಗಿಡ್ಡವಾದಾಗಲೇ ಹೂ ಬಿಡುವ ಬಳ್ಳಿ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬಿತ್ತಿದ್ದು, ರಾಗಿ ಕೊಯ್ದ ಮೇಲೆ ನೆಲದಲ್ಲುಳಿದ ಹಸಿಯನ್ನೂ ಮಂಜನ್ನೂ ನೆಚ್ಚಿಕೊಂಡು ಹಬ್ಬುತ್ತದೆ. ಡಿಸೆಂಬರಿನಿಂದ ಸಂಕ್ರಾಂತಿ ದಾಟುವ ತನಕ ಕಾಯಿ ಕೊಡುತ್ತದೆ. ಸಿಪ್ಪೆಯ ಮೇಲೆ ಎಣ್ಣೆಯಂಥ ಅಂಟು. ಕಾಯಿ ಬಿಡಿಸಿದವರ ಬೆರಳಿಗೆ ಹತ್ತಿದ ಆ ಘಮ ಸೋಪು ಹಾಕಿ ತೊಳೆದರೂ ಬೇಗ ಬಿಡುವುದಿಲ್ಲ. ತಿಳಿದವರು ಸಂತೆಯಲ್ಲಿ ಬೆಲೆ ಕೇಳುವ ಮೊದಲು ಒಂದು ಹಿಡಿ ಕಾಯಿ ಎತ್ತಿ ಮೂಸುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಉದ್ದಕ್ಕೆ ಕಾಯದೆ ವರ್ಷವಿಡೀ ಫಸಲು ಕೊಡುತ್ತವೆ. ರೈತರಿಗೆ ಅದು ನಿಜವಾದ ಉಪಕಾರ, ಜೂನ್ ತಿಂಗಳ ಉಪ್ಪಿಟ್ಟಿಗೂ ಕಾಳು ಸಿಗುತ್ತದೆ. ಹಿತಕಬೇಳೆಗೆ ಮಾತ್ರ ನಾನು ಚಳಿಗಾಲದ ನಾಟಿ ಕಾಯಿಯನ್ನೇ ಕಾಯುತ್ತೇನೆ. ಆ ಸೊಗಡು ಬೇರೆಯದರಲ್ಲಿ ನನಗೆ ಸಿಕ್ಕಿಲ್ಲ.

ಕೆಲಸ ಹಿಂದಿನ ರಾತ್ರಿಯೇ ಶುರು. ಬಲಿತ ಕಾಳನ್ನು ಆರಿಸಿ ನೆನೆಹಾಕಬೇಕು, ಎಳೆಗಾಳು ಹಿತುಕಿದರೆ ನುಜ್ಜಾಗುತ್ತದೆ. ಬೆಳಿಗ್ಗೆ ಹೆಬ್ಬೆರಳು, ತೋರುಬೆರಳುಗಳ ನಡುವೆ ಕಾಳಿನ ಒಂದು ತುದಿ ಒತ್ತಿದರೆ ತಿಳಿಹಸಿರು ಬೇಳೆ ಪುಳಕ್ಕನೆ ಜಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲುಳಿಯುತ್ತದೆ. ಒಂದೊಂದೇ ಕಾಳು, ಮತ್ತೆ ಒಂದು, ಮತ್ತೊಂದು. ಬೆರಳ ತುದಿ ನೀರಿಗೆ ಸುಕ್ಕಾಗುತ್ತದೆ, ಪಾತ್ರೆ ಮಾತ್ರ ತುಂಬುವುದೇ ಇಲ್ಲ. ಈ ಕೆಲಸವನ್ನು ತಲೆಮಾರುಗಳಿಂದ ಹೆಂಗಸರ ಮೇಲೇ ಹೊರಿಸಿ, ಉಳಿದವರು ಊಟದ ಹೊತ್ತಿಗೆ ಬಂದು ಕೂತು "ಅಮ್ಮನ ಕೈರುಚಿ" ಎಂದು ಹೊಗಳಿದ್ದು ನ್ಯಾಯವಲ್ಲ. ಅಜ್ಜ, ಮಗ, ಮೊಮ್ಮಕ್ಕಳು ಎಲ್ಲರೂ ಪಾತ್ರೆಯ ಸುತ್ತ ಕೂರುವ ಮನೆಯಲ್ಲೇ ಈ ಅಡುಗೆ ಸಂತೋಷದ ಅಡುಗೆಯಾಗುತ್ತದೆ. ಕೂರುವವರಿಲ್ಲದ ಮನೆಯವರು ಹಿತುಕಿದ ಬೇಳೆಯ ಪೊಟ್ಟಣ ತಂದರೆ ಅದನ್ನು ತಪ್ಪೆನ್ನಲಾರೆ. ಅಂಥ ಬೇಳೆ ನೀರಲ್ಲಿ ಬಹಳ ಹೊತ್ತು ಇದ್ದದ್ದಾದರೆ ಸೊಗಡು ಅರ್ಧ ಕಳೆದಿರುತ್ತದೆ, ಅಷ್ಟು ಗೊತ್ತಿದ್ದರೆ ಸಾಕು.

ಇಷ್ಟು ಪಾಡುಪಟ್ಟು ತೆಗೆದ ಬೇಳೆಗೆ ಆಮೇಲೆ ಏನು ಮಾಡುತ್ತಾರೆ ನೋಡಿ. ಚಕ್ಕೆ, ಲವಂಗ, ಏಲಕ್ಕಿ, ಸಾಲದ್ದಕ್ಕೆ ಅಂಗಡಿಯ ಗರಂ ಮಸಾಲೆ, ಹುಳಿಗೆ ನಾಲ್ಕಾರು ಟೊಮೆಟೊ, ಕುಕ್ಕರಿನಲ್ಲಿ ಮೂರು ಸೀಟಿ. ಮುಚ್ಚಳ ತೆಗೆದರೆ ಬರುವುದು ಕುರ್ಮಾದ ವಾಸನೆ, ಬೇಳೆ ಕರಗಿ ಗಂಜಿಯಾಗಿರುತ್ತದೆ. ಸ್ವಲ್ಪ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಧನಿಯ, ಒಂದೇ ಒಂದು ಚೂರು ಚಕ್ಕೆ, ಗಸಗಸೆ, ಹಸಿಕಾಯಿ, ಕೊತ್ತಂಬರಿ ಸೊಪ್ಪು: ಇಷ್ಟನ್ನು ರುಬ್ಬಿದರೆ ಸಾಕು. ಲವಂಗ ಇಲ್ಲದಿದ್ದರೂ ನಡೆಯುತ್ತದೆ. ಬೇಳೆಯನ್ನು ತೆರೆದ ಪಾತ್ರೆಯಲ್ಲೇ ಬೇಯಿಸಬೇಕು. ಬೆರಳಿಗೆ ಸಿಕ್ಕಿ ನುರಿಯುವಂತಿರಬೇಕು, ಆದರೆ ಒಡೆದಿರಬಾರದು. ಮಸಾಲೆ ಹಸಿವಾಸನೆ ಹೋಗುವಷ್ಟು ಕುದಿದು ಮೇಲೆ ಎಣ್ಣೆಯ ಕಣ್ಣು ಕಂಡೊಡನೆ ಇಳಿಸಿದರೆ ಮೊದಲ ತುತ್ತಿನಲ್ಲೇ ಅವರೆ ಮಾತಾಡುತ್ತದೆ.

ಬೆಂಗಳೂರಿನ ಅವರೆಬೇಳೆ ಮೇಳದಲ್ಲಿ ಅವರೆಯ ಜಾಮೂನು, ಜಿಲೇಬಿ, ಐಸ್‌ಕ್ರೀಮು ತನಕ ಎಲ್ಲವೂ ಸಿಗುತ್ತವೆ. ಊರಿನ ಒಂದು ಬೆಳೆಗೆ ಜನ ಹೀಗೆ ಮುಗಿಬೀಳುವುದು ನನಗೆ ಖುಷಿಯೇ. ಸಿಹಿಯಲ್ಲಿ ಮಾತ್ರ ಸಕ್ಕರೆ ಗೆಲ್ಲುತ್ತದೆ, ಅವರೆ ಹೆಸರಿಗಷ್ಟೇ ಉಳಿಯುತ್ತದೆ. ಅಲ್ಲಿಯ ಖಾರದ ಹಿತಕಬೇಳೆ ಮಿಕ್ಸ್ಚರು ಅದಕ್ಕಿಂತ ಪ್ರಾಮಾಣಿಕ: ಕರಿದ ಬೇಳೆ, ಕರಿಬೇವು, ಉಪ್ಪು, ಖಾರ.

ಸಾರಿಗೆ ಜೊತೆ ಯಾವುದು ಎಂಬ ಜಗಳ ಪ್ರತಿ ಮನೆಯಲ್ಲೂ ಇದೆ. ಪೂರಿಯ ಎಣ್ಣೆ ಸೊಗಡನ್ನು ಮುಚ್ಚುತ್ತದೆ. ಅಕ್ಕಿರೊಟ್ಟಿ ಪರವಾಗಿಲ್ಲ. ಬಿಸಿ ರಾಗಿಮುದ್ದೆಗೆ ನನ್ನ ಓಟು, ಮಾರನೇ ಬೆಳಿಗ್ಗೆ ಮಿಕ್ಕ ಸಾರಿಗೆ ದೋಸೆ. ಅದಕ್ಕಾಗಿ ಪಾವು ಕಾಳು ಹೆಚ್ಚಿಗೆ ನೆನೆಹಾಕುವುದೇ ಜಾಣತನ.